ತೋಟ ಕಾಯುವ ಜೋಡಿನಳಿಗೆ ಕೋವಿಯನ್ನು ಕ್ಲೇ ಶೂಟಿಂಗ್‌ಗೆ ಹದ ಮಾಡುವುದು

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ಹನ್ನೆರಡು ಬೋರಿನ ಜೋಡಿನಳಿಗೆ ಕೋವಿ ಹೊಸತೇನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿತು. ಕೋವಿ ಬೆಳೆ ರಕ್ಷಣೆಯ ಲೆಕ್ಕದಲ್ಲಿ ಮನೆಯಲ್ಲೇ ಉಳಿಯಿತು. ಅದೇ ಕೋವಿಯಲ್ಲಿ ಕ್ಲೇ ಶೂಟಿಂಗ್, ಅಂದರೆ ಯಂತ್ರ ಎಸೆಯುವ ಬಿಲ್ಲೆಗೆ (ಕ್ಲೇ) ಹೊಡೆಯುವ ಟ್ರ್ಯಾಪ್, ಸ್ಕೀಟ್ ಆಟಗಳನ್ನು ಕಲಿಯಬಹುದೇ ಎಂದರೆ, ಧಾರಾಳವಾಗಿ ಕಲಿಯಬಹುದು. ಪೆರಾಜ್ಜಿ, ಬೆರೆಟ್ಟಾದಂಥ ಸ್ಪರ್ಧೆಯ ಕೋವಿಗೆ ಲಕ್ಷಗಟ್ಟಲೆ ಹಾಕುವ ಮೊದಲು ಮನೆಯ ಕೋವಿಯಲ್ಲೇ ಆಟದ ಮುಕ್ಕಾಲು ಪಾಲು ಕೈಗೆ ಹತ್ತುತ್ತದೆ. ಆದರೆ ಕೆಲಸದ ಕ್ರಮ ತಪ್ಪಬಾರದು. ಹೆಚ್ಚಿನವರು ಮೊದಲು ಕೈ ಹಾಕುವುದು ಚರೆ ಎಷ್ಟು ಹರಡಬೇಕೆಂದು ತೀರ್ಮಾನಿಸುವ ನಳಿಗೆಯ ಬಾಯಿಯ ಬಿಗಿತಕ್ಕೆ, ಅಂದರೆ ಚೋಕ್‌ಗೆ. ಕ್ಲೇ ತಪ್ಪುವುದಕ್ಕೆ ಕಾರಣ ಬಹುಮಟ್ಟಿಗೆ ಅಲ್ಲಿಲ್ಲ. ಕೆನ್ನೆ ಕೂರುವ ಮರದಲ್ಲಿದೆ.

ಬೇಟೆಯ ಕೋವಿ ಮಾಡಿದ್ದು ದಿನವಿಡೀ ಹೊತ್ತು ತಿರುಗಿ ನಾಲ್ಕು ಈಡು ಹೊಡೆಯುವುದಕ್ಕೆ. ಅದಕ್ಕೇ ಹಗುರ, ಸುಮಾರು ಮೂರು ಕಿಲೋ. ಕ್ಲೇ ಆಟದ ಒಂದು ಸುತ್ತಿಗೆ 25 ಬಿಲ್ಲೆ. ಬಿಲ್ಲೆಯ ಅಡ್ಡಳತೆ 110 ಮಿಲಿಮೀಟರ್, ತೂಕ 105 ಗ್ರಾಂ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಹೊಡೆಯುವವನು ಯಂತ್ರಗಳ ಹೊಂಡದಿಂದ 15 ಮೀಟರ್ ಹಿಂದೆ ನಿಲ್ಲುತ್ತಾನೆ. ಬಿಲ್ಲೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಏರುತ್ತಾ ದೂರ ಸರಿಯುತ್ತದೆ, ಮೊದಲ ಈಡು ಅದನ್ನು ಮುಟ್ಟುವ ಹೊತ್ತಿಗೆ 30-35 ಮೀಟರ್ ಆಗಿರುತ್ತದೆ. ಸ್ಕೀಟ್‌ನಲ್ಲಿ ದೂರ ಇಪ್ಪತ್ತು ಮೀಟರ್ ಆಸುಪಾಸು, ಆದರೆ ಬಿಲ್ಲೆ ಅಡ್ಡ ಹಾಯುತ್ತದೆ. ಎರಡರಲ್ಲೂ ನಳಿಗೆಯ ತುದಿಯ ಮಣಿ ನೋಡಿ ಗುರಿ ಹಿಡಿಯಲು ಪುರುಸೊತ್ತಿಲ್ಲ. ಕಣ್ಣು ಬಿಲ್ಲೆಯ ಮೇಲೆ, ಕೋವಿ ಕಣ್ಣಿನ ಹಿಂದೆ.

ಮರದ ಕೆಲಸಕ್ಕೂ ಮುನ್ನ ಕೋವಿ ಸುರಕ್ಷಿತವೇ ಎಂದು ತಿಳಿಯಬೇಕು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಈ ಆಟಕ್ಕೆ ಲೆಕ್ಕಕ್ಕಿಲ್ಲ. ತೋಟೆ ಹಾಕುವ ಕೋವಿಯ ಮಾತು ಮಾತ್ರ ಇಲ್ಲಿದೆ. ಖಾಲಿ ಇದೆಯೆಂದು ಎರಡು ಸಲ ನೋಡಿ, ನಳಿಗೆ ಕಳಚಿ, ತಳದ ಚಪ್ಪಟೆ ಭಾಗದಲ್ಲಿ ಒತ್ತಿರುವ ಮುದ್ರೆಗಳನ್ನು ಓದಿ. 70 ಮಿ.ಮೀ. ಅಥವಾ 2¾ ಇಂಚು ಎಂದಿದ್ದರೆ ಇಂದಿನ ಮಾಮೂಲಿ ತೋಟೆ ಹಾಕಬಹುದು. ಅಜ್ಜಂದಿರ ಕಾಲದ ಇಂಗ್ಲೆಂಡಿನ ಕೋವಿಗಳಲ್ಲಿ 2½ ಇಂಚಿನ, ಅಂದರೆ 65 ಮಿ.ಮೀ. ತೋಟೆಯ ಚೇಂಬರೇ (ನಳಿಗೆಯಲ್ಲಿ ತೋಟೆ ಕೂರುವ ಗೂಡು) ಸಾಮಾನ್ಯ. ಮೋಸ ಹೋಗುವುದು ಇಲ್ಲೇ. 70 ಎಂದು ಬರೆದ ತೋಟೆಯ ಬಾಯಿ ಮಡಚಿರುವುದರಿಂದ, ಹೊಡೆಯುವ ಮೊದಲು ಅದರ ಉದ್ದ 60ರ ಆಸುಪಾಸಿನಲ್ಲಿರುತ್ತದೆ. 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಈಡು ಹಾರಿದಾಗ ಮಡಿಕೆ ಬಿಚ್ಚಿ 70 ಆಗಬೇಕು. ಜಾಗವಿಲ್ಲದೆ ಅದರ ಅಂಚು ಚೇಂಬರಿನ ಮುಂದಿನ ಇಳಿಜಾರಿಗೆ ನುಗ್ಗುತ್ತದೆ, ಚರೆ ಹೋಗುವ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಒಂದು ಈಡಿಗೆ ತಡೆದೀತು. ದಿನಕ್ಕೆ ನೂರು ಈಡಿಗೆ ತಡೆಯುವ ಮಾತಲ್ಲ. ನಳಿಗೆಯ ಮೇಲೆ ಸುರುಳಿ ಸುರುಳಿಯಾದ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆಯ ಡಮಾಸ್ಕಸ್ ನಳಿಗೆ. ಅದನ್ನು ಈ ಆಟಕ್ಕೆ ತರಲೇಬೇಡಿ, ಗೋಡೆಯ ಮೇಲಿರಲಿ.

ಖಾಲಿ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದಾಗ ಉಂಗುರದಂಥ ನೆರಳು ಕಂಡರೆ ಅಲ್ಲಿ ಉಬ್ಬಿದೆ, ಅರ್ಧಚಂದ್ರದ ನೆರಳು ಕಂಡರೆ ತಗ್ಗಿದೆ. ಮುಂದಿನ ಹಿಡಿ ತೆಗೆದು, ಕೋವಿ ಮುಚ್ಚಿ, ಹಿಂದಿನ ಮರ ಹಿಡಿದು ಮೆಲ್ಲಗೆ ಅಲುಗಿಸಿ. ಕಟಕಟ ಎಂದರೆ ಕೀಲು ಸವೆದಿದೆ. ಇವುಗಳಲ್ಲಿ ಯಾವುದು ಕಂಡರೂ ಪರವಾನಗಿ ಇರುವ ಗನ್‌ಸ್ಮಿತ್ ನೋಡುವವರೆಗೆ ಒಂದು ಈಡೂ ಹೊಡೆಯಬಾರದು.

ಕೋವಿ ಎಲ್ಲಿಗೆ ಹೊಡೆಯುತ್ತದೆ?

ಹೆಚ್ಚಿನ ಮಾಲೀಕರಿಗೆ ಇದು ಗೊತ್ತೇ ಇರುವುದಿಲ್ಲ. ಗೊತ್ತು ಮಾಡಿಕೊಳ್ಳುವುದಕ್ಕೆ ಬೇಕಾಗುವುದು 1.2 ಮೀಟರ್ ಚೌಕದ ಕಾಗದ, ಹಿಂದೆ ಭದ್ರವಾದ ಮಣ್ಣಿನ ದಿಬ್ಬ, ಒಂದು ಪೆಟ್ಟಿಗೆ ತೋಟೆ. ರೇಂಜಿನಲ್ಲೇ ಮಾಡಿ. ಕಾಗದದ ನಡುವೆ ಅಂಗೈಯಗಲದ ಕಪ್ಪು ಗುರುತು ಹಾಕಿ, 15 ಮೀಟರ್ ದೂರ ನಿಂತು, ಕೋವಿಯನ್ನು ಸೊಂಟದ ಮಟ್ಟದಿಂದ ಒಂದೇ ಓಘದಲ್ಲಿ ಭುಜಕ್ಕೇರಿಸಿ, ಕಣ್ಣು ಗುರುತಿನ ಮೇಲಿದ್ದಂತೆಯೇ ಹೊಡೆಯಿರಿ. ಮಣಿ ನೋಡಿ ತಿದ್ದಬಾರದು. ತಿದ್ದಿದರೆ ಗುರಿಯ ಪರೀಕ್ಷೆಯಾಗುತ್ತದೆ, ಕೋವಿ ಮೈಗೆ ಹೊಂದುತ್ತದೆಯೇ ಎಂಬುದು ತಿಳಿಯುವುದಿಲ್ಲ. ಬಲ ನಳಿಗೆಯಲ್ಲಿ ಒಂದೇ ಕಾಗದಕ್ಕೆ ಐದು ಈಡು, ಎಡ ನಳಿಗೆಯಲ್ಲಿ ಇನ್ನೊಂದು ಕಾಗದಕ್ಕೆ ಐದು. ತೂತುಗಳು ಎಲ್ಲಿ ದಟ್ಟವಾಗಿವೆಯೋ ಅದರ ನಡುವಿಗೂ ಕಪ್ಪು ಗುರುತಿಗೂ ಇರುವ ಅಂತರ ಅಳೆಯಿರಿ.

ಕೊಡವರ ಆಯುಧ ಹಬ್ಬವಾದ ಕೈಲ್‌ಪೊಳ್ದಿನ ತೆಂಗಿನಕಾಯಿ ಸ್ಪರ್ಧೆಯಲ್ಲಿ ಪಳಗಿದ ಒಳ್ಳೆಯ ಗುರಿಗಾರರೂ ಈ ಕಾಗದದ ಮುಂದೆ ತಬ್ಬಿಬ್ಬಾಗುತ್ತಾರೆ. ನಿಂತ ಕಾಯಿಗೆ ಹೊಡೆಯುವಾಗ ಕತ್ತು ಬಗ್ಗಿಸಿ ಕಣ್ಣನ್ನು ಕೋವಿಗೆ ಹೊಂದಿಸಿಕೊಳ್ಳಬಹುದು. ಹಾರುವ ಬಿಲ್ಲೆಗೆ ಆ ಸಮಯ ಸಿಗುವುದಿಲ್ಲ, ಆದ್ದರಿಂದ ಕೋವಿಯೇ ಕಣ್ಣಿಗೆ ಹೊಂದಬೇಕು.

ಕಾಗದದ ಅಂತರವನ್ನು ಮರದ ಅಳತೆಗೆ ತಿರುಗಿಸುವ ಲೆಕ್ಕ ಸರಳವಾಗಿದೆ. ಚರೆಗೋವಿಯಲ್ಲಿ ಹಿಂದಿನ ಸೈಟ್ ಇಲ್ಲ, ಕಣ್ಣೇ ಹಿಂದಿನ ಸೈಟ್. ಕಣ್ಣಿನಿಂದ ಮುಂದಿನ ಮಣಿಗೆ ಸುಮಾರು 95 ಸೆಂ.ಮೀ. ಕಣ್ಣು 3 ಮಿ.ಮೀ. ಮೇಲೇರಿದರೆ 15 ಮೀಟರಿನಲ್ಲಿ ಚರೆ ಸುಮಾರು 5 ಸೆಂ.ಮೀ. ಮೇಲೇರುತ್ತದೆ, 35 ಮೀಟರಿನಲ್ಲಿ 11 ಸೆಂ.ಮೀ. ಅಂದರೆ ಒಂದು ಬಿಲ್ಲೆಯಷ್ಟು! ಕಣ್ಣು ಎಡಕ್ಕೆ ಸರಿದರೆ ಚರೆಯೂ ಎಡಕ್ಕೆ. ಸ್ಕೀಟ್‌ಗೆ ದಟ್ಟಣೆಯ ನಡುವು ಗುರುತಿನ ಮೇಲೇ ಇದ್ದರೆ ಒಳ್ಳೆಯದು. ಟ್ರ್ಯಾಪ್‌ಗೆ 15 ಮೀಟರಿನಲ್ಲಿ 4-5 ಸೆಂ.ಮೀ. ಮೇಲಿರಲಿ, ಬಿಲ್ಲೆ ಏರುತ್ತಿರುವುದರಿಂದ ಅದನ್ನು ನಳಿಗೆಯಿಂದ ಮರೆಮಾಡದೆ ಹೊಡೆಯಬಹುದು.

ಕೆನ್ನೆಯ ಮರ, ಭುಜದ ಮರ

ಕೆನ್ನೆ ಕೂರುವ ಮೇಲಂಚಿಗೆ ಕೋಂಬ್ ಎನ್ನುತ್ತಾರೆ. ಹಳೆಯ ಬೇಟೆ ಕೋವಿಗಳಲ್ಲಿ ಕೋಂಬ್ ನಳಿಗೆಯ ಮೇಲ್ಗೆರೆಯಿಂದ ಮುಂದೆ 38 ಮಿ.ಮೀ., ಮರದ ಹಿಂತುದಿಯ ಹತ್ತಿರ 60ಕ್ಕೂ ಹೆಚ್ಚು ಇಳಿದಿರುವುದು ಸಾಮಾನ್ಯ. ಈ ಇಳಿಜಾರಿನಿಂದ ಎರಡು ತೊಂದರೆ. ಕೆನ್ನೆ ಸ್ವಲ್ಪ ಹಿಂದೆ ಮುಂದೆ ಕೂತರೂ ಕಣ್ಣಿನ ಎತ್ತರ ಬದಲಾಗುತ್ತದೆ. ಕೋವಿ ಹಿಂದಕ್ಕೆ ಒದ್ದಾಗ ಎತ್ತರದ ಭಾಗ ದವಡೆಗೆ ಬಡಿಯುತ್ತದೆ. ಹತ್ತು ಈಡಿನ ನಂತರ ಕೆನ್ನೆ ತಾನಾಗಿ ಮರ ಬಿಟ್ಟು ಮೇಲೇಳುತ್ತದೆ, ಈಡು ಬಿಲ್ಲೆಯ ಮೇಲಿನಿಂದ ಹಾರಿಹೋಗುತ್ತದೆ. ಹೊಡೆಯುವವನಿಗೆ ಅದು ಗೊತ್ತಾಗುವುದೂ ಇಲ್ಲ.

ಮರ ಕೆತ್ತಬೇಕಿಲ್ಲ, ಏರಿಸಿದರೆ ಸಾಕು. ಆಟೋಮೊಬೈಲ್ ಅಂಗಡಿಯಲ್ಲಿ ಗ್ಯಾಸ್ಕೆಟ್‌ಗೆಂದು ಮಾರುವ 1.5 ಮಿ.ಮೀ. ಕಾರ್ಕ್ ಶೀಟ್ ಇದಕ್ಕೆ ಹೇಳಿ ಮಾಡಿಸಿದ ವಸ್ತು. ಮೊದಲು ಪಾಲಿಶ್ ಕಿತ್ತು ಬರದ ಹಾಗೆ ಮರದ ಮೇಲೆ ಪೇಂಟರ್‌ಗಳ ಕಾಗದದ ಟೇಪ್ ಅಂಟಿಸಿ. ಕಾರ್ಕನ್ನು ಕೋಂಬಿನ ಬೆನ್ನಿನಗಲಕ್ಕೆ, ಸುಮಾರು 2 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಪದರ ಪದರವಾಗಿ ಇಡಿ. ಮೊದಲ ಪದರ ಪೂರ್ತಿ ಉದ್ದಕ್ಕೆ, ಮೇಲಿನವು ಹಿಂಭಾಗಕ್ಕೆ ಮಾತ್ರ. ಹೀಗೆ ಇಳಿಜಾರು ಕಡಿಮೆಯಾಗಿ ಕೋಂಬ್ ನಳಿಗೆಗೆ ಹೆಚ್ಚುಕಡಿಮೆ ಸಮಾನಾಂತರವಾಗುತ್ತದೆ. ಕಾರ್ಕ್ ಬದಿಗೆ ಇಳಿಯಬಾರದು. ಬಲಗೈಯವರ ಕೋವಿಯಲ್ಲಿ ಎಡಬದಿ ದಪ್ಪವಾದರೆ ಕಣ್ಣು ಎಡಕ್ಕೆ ಹೋಗಿ ಚರೆಯೂ ಎಡಕ್ಕೆ ಹೋಗುತ್ತದೆ. (ಕಾಗದದಲ್ಲಿ ಚರೆ ಬಲಕ್ಕೆ ಬೀಳುತ್ತಿದ್ದರೆ ಬೇಕೆಂದೇ ಒಂದು ಪದರವನ್ನು ಎಡಬದಿಗೆ ಇಳಿಸಬಹುದು.) ಕೊನೆಗೆ ನುಣುಪಾದ ತೆಳು ಚರ್ಮ ಅಥವಾ ಬಟ್ಟೆಯ ಟೇಪ್ ಸುತ್ತಿ. ಯೋಗ ಮ್ಯಾಟಿನ ತುಂಡು ಹಾಕುವವರು ಬಹಳ, ಅದು ಕೆಲಸಕ್ಕೆ ಬಾರದು: ಕೆನ್ನೆ ಒತ್ತಿದಂತೆಲ್ಲ ಕುಗ್ಗಿ ಪ್ರತಿ ಸಲವೂ ಬೇರೆ ಎತ್ತರ ಕೊಡುತ್ತದೆ. ಬ್ಯಾಟಿನ ರಬ್ಬರ್ ಗ್ರಿಪ್ ಬೆವರಿದ ಕೆನ್ನೆಯನ್ನು ಹಿಡಿದೆಳೆಯುತ್ತದೆ.

ಎತ್ತರ ಸಾಕೇ ಎಂದು ನೋಡುವುದಕ್ಕೆ ಒಂದು ಉಪಾಯವಿದೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಅರ್ಧ ಉದ್ದದಲ್ಲಿ ಕಡಲೆಬೇಳೆ ಗಾತ್ರದ ಬಿಳಿ ಸ್ಟಿಕ್ಕರ್ ಅಂಟಿಸಿ. ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ತೆರೆಯಿರಿ. ಸ್ಟಿಕ್ಕರಿನ ಮೇಲೆ ಮುಂದಿನ ಮಣಿ ಕೂತು ಇಂಗ್ಲಿಷ್ ಎಂಟರಂತೆ ಕಂಡರೆ ಟ್ರ್ಯಾಪ್‌ಗೆ ಸರಿಯಾದ ಎತ್ತರ. ಮಣಿಯೇ ಕಾಣದಿದ್ದರೆ ಕೋಂಬ್ ತಗ್ಗು, ಎರಡರ ನಡುವೆ ಪಟ್ಟಿ ಬಹಳ ಕಂಡರೆ ಹೆಚ್ಚಾಯಿತು. ಕೊನೆಯ ತೀರ್ಪು ಮಾತ್ರ ಕಾಗದದ್ದೇ.

ಉದ್ದದ ವಿಷಯ ಬೇಗ ಮುಗಿಯುತ್ತದೆ. ಮುಂದಿನ ಟ್ರಿಗರಿನಿಂದ ಭುಜಕ್ಕೆ ತಾಗುವ ಹಿಂತುದಿಯ, ಅಂದರೆ ಬಟ್ಟಿನ ನಡುವಿಗೆ ಬೇಟೆ ಕೋವಿಗಳಲ್ಲಿ 360 ಮಿ.ಮೀ. ಹತ್ತಿರ ಇರುತ್ತದೆ. ಕೋವಿ ಭುಜದಲ್ಲಿದ್ದಾಗ ಮೂಗಿಗೂ ಹೆಬ್ಬೆರಳಿನ ಗಿಣ್ಣಿಗೂ ನಡುವೆ ಎರಡು ಬೆರಳಿನ ಜಾಗವಿರಬೇಕು. ಗಿಣ್ಣು ತುಟಿಗೆ ಬಡಿದರೆ ಮರ ಗಿಡ್ಡ. ಭುಜಕ್ಕೇರಿಸುವಾಗ ಬಟ್ ಕಂಕುಳ ಬಟ್ಟೆಗೆ ಸಿಕ್ಕಿಕೊಂಡರೆ ಉದ್ದ. ಗಿಡ್ಡವಿದ್ದರೆ ಮೇಲಿಂದ ತೊಡಿಸುವ ರಬ್ಬರ್ ಪ್ಯಾಡ್ ಉದ್ದವನ್ನೂ ಕೊಡುತ್ತದೆ, ಒದೆತವನ್ನೂ ತಗ್ಗಿಸುತ್ತದೆ. ಉದ್ದವಿದ್ದರೆ ಗರಗಸ ಹಿಡಿಯುವ ಮೊದಲು ದಪ್ಪ ಜಾಕೆಟ್ ಬಿಟ್ಟು ತೆಳ್ಳನೆಯ ಅಂಗಿಯಲ್ಲಿ ಹೊಡೆದು ನೋಡಿ. ಕತ್ತರಿಸಿದ ಮರ ಮತ್ತೆ ಬೆಳೆಯದು.

ಮುಖ್ಯವಾದ ಇನ್ನೊಂದು ಪರೀಕ್ಷೆಯನ್ನು ಮರ ಮುಟ್ಟುವ ಮೊದಲೇ ಮಾಡಬೇಕು. ಎರಡೂ ಕಣ್ಣು ತೆರೆದು, ದೂರದ ಕಂಬವನ್ನು ಬೆರಳಿನಿಂದ ತೋರಿಸಿ, ಎಡಗಣ್ಣು ಮುಚ್ಚಿ. ಬೆರಳು ಕಂಬದ ಮೇಲೇ ಉಳಿದರೆ ಬಲಗಣ್ಣು ಪ್ರಧಾನ. ಜಿಗಿದರೆ ಬಲಭುಜದಿಂದ ಹೊಡೆಯುವವರ ಈಡೆಲ್ಲ ಎಡಕ್ಕೆ ಬೀಳುತ್ತದೆ, ಕಾರ್ಕ್ ಎಷ್ಟು ಸುತ್ತಿದರೂ ಸರಿಹೋಗದು. ಕನ್ನಡಕದ ಎಡಗಾಜಿನ ಮೇಲೆ, ಮಣಿ ಕಾಣುವ ಜಾಗಕ್ಕೆ ಸರಿಯಾಗಿ, ಹಾಲುಬಣ್ಣದ ಟೇಪಿನ ಚಿಕ್ಕ ಚುಕ್ಕೆ ಅಂಟಿಸಿದರೆ ಸಾಕಾಗುತ್ತದೆ.

ತೋಟೆ ಮತ್ತು ಒದೆತ

ಕಾಡುಹಂದಿ ಓಡಿಸಲೆಂದು ಮನೆಯಲ್ಲಿರುವ ತೋಟೆ ಇಲ್ಲಿ ಬೇಡ. ಎಸ್‌ಜಿ, ಎಲ್‌ಜಿಯಂಥ ದಪ್ಪ ಚರೆ ರೇಂಜಿನಲ್ಲಿ ಅಪಾಯಕಾರಿ, ಹೊಡೆಯಲು ಬಿಡುವುದೂ ಇಲ್ಲ. ಅಂತಾರಾಷ್ಟ್ರೀಯ ನಿಯಮದಲ್ಲಿ ಚರೆಯ ಒಟ್ಟು ತೂಕ 24 ಗ್ರಾಂ (ಅರ್ಧ ಗ್ರಾಂ ವಿನಾಯಿತಿ), ಒಂದೊಂದು ಚರೆ 2.6 ಮಿ.ಮೀ. ಮೀರುವಂತಿಲ್ಲ. ಟ್ರ್ಯಾಪ್‌ಗೆ 2.4 ಮಿ.ಮೀ., ಸ್ಕೀಟ್‌ಗೆ 2.0 ಮಿ.ಮೀ. ರೂಢಿ. 24 ಗ್ರಾಂ ಸೀಸದಲ್ಲಿ 2.4ರ ಚರೆ ಸುಮಾರು 300, 2.0ರದು 500ಕ್ಕೂ ಹೆಚ್ಚು, ನಾಲ್ಕನೇ ನಂಬರಿನ 3.1ರದು ಬರೀ 140. ಮೂವತ್ತು ಮೀಟರಿನಲ್ಲಿ 140 ಚರೆ ಹರಡಿದರೆ ನಡುವೆ ಬಿಲ್ಲೆ ನುಸುಳುವಷ್ಟು ಕಿಂಡಿಗಳಿರುತ್ತವೆ. ನಂಬರಿಗಿಂತ ಮಿಲಿಮೀಟರನ್ನೇ ನಂಬಿ: ಇಂಗ್ಲೆಂಡಿನ 7ನೇ ನಂಬರು, ಅಮೆರಿಕದ 7½ ಎರಡೂ 2.4.

ಒದೆತ ತಗ್ಗಿಸಲು ಬಟ್ಟಿನೊಳಗೆ ಸೀಸ ತುಂಬುವವರು ಈ ಲೆಕ್ಕ ನೋಡಲಿ. 3.2 ಕಿಲೋ ಕೋವಿಯಲ್ಲಿ 32 ಗ್ರಾಮಿನ ಬೇಟೆ ತೋಟೆ ಕೊಡುವ ಒದೆತದ ಶಕ್ತಿ ಸುಮಾರು 36 ಜೂಲ್. 24 ಗ್ರಾಮಿನ ತೋಟೆಯದು ಸುಮಾರು 24. ಮೂರರಲ್ಲಿ ಒಂದು ಪಾಲು ಇಳಿಯಿತು. ಅದೇ ಕೋವಿಗೆ 300 ಗ್ರಾಂ ಸೀಸ ಸೇರಿಸಿದರೆ ಮತ್ತೆ ಇಳಿಯುವುದು ಎರಡು ಜೂಲ್ ಮಾತ್ರ, ಮೇಲಾಗಿ ತೂಕವೆಲ್ಲ ಹಿಂದಕ್ಕೆ ಹೋಗಿ ನಳಿಗೆಯ ತುದಿ ತೂರಾಡುತ್ತದೆ. ಹಗುರ ಮೂತಿಯ ಕೋವಿ ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ. ಅಡ್ಡ ಹಾಯುವ ಬಿಲ್ಲೆಗೆ ಇಪ್ಪತ್ತು ಮೀಟರಿನಲ್ಲಿ ಒಂದು ಮೀಟರಿಗೂ ಹೆಚ್ಚು ಮುಂದೆ ಹೊಡೆಯಬೇಕಾಗುವುದರಿಂದ, ಟ್ರಿಗರ್ ಎಳೆಯುವಾಗ ಕೋವಿ ಒಂದು ಗಳಿಗೆ ನಿಂತರೂ ಬಿಲ್ಲೆ ಕೈತಪ್ಪಿತು. ತೂಕ ಸೇರಿಸಲೇಬೇಕಿದ್ದರೆ ಕೋವಿ ಮಡಚುವ ಕೀಲಿನ ಹತ್ತಿರವೇ ಸಮತೂಕ ನಿಲ್ಲುವಂತೆ ಮುಂದೆಯೂ ಹಿಂದೆಯೂ ಹಂಚಿ.

ಈಗ ಚೋಕ್

ಮರ ಸರಿಹೋಗಿ, ತೋಟೆ ಗೊತ್ತಾದ ಮೇಲೆ 35 ಮೀಟರಿನಲ್ಲಿ ಕಾಗದ ನಿಲ್ಲಿಸಿ. ಪ್ರತಿ ಕಾಗದಕ್ಕೆ ಒಂದೇ ಈಡು, ಪ್ರತಿ ನಳಿಗೆಗೆ ಐದು ಕಾಗದ. ದಟ್ಟಣೆಯ ಸುತ್ತ 75 ಸೆಂ.ಮೀ. ಅಡ್ಡಳತೆಯ ವೃತ್ತ ಎಳೆದು ಒಳಗಿನ ತೂತು ಎಣಿಸಿ, ಅದನ್ನು ತೋಟೆಯ ಒಟ್ಟು ಚರೆಯ ಸಂಖ್ಯೆಯಿಂದ ಭಾಗಿಸಿ. 70 ಶೇಕಡಾ ಬಂದರೆ ಫುಲ್ ಚೋಕ್, 60 ಬಂದರೆ ಹಾಫ್, 50 ಬಂದರೆ ಕ್ವಾರ್ಟರ್, 40 ಬಂದರೆ ಸಿಲಿಂಡರ್ ಎಂದು ಸುಮಾರಾಗಿ ತಿಳಿಯಬಹುದು. ನಳಿಗೆಯ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಕಾಗದ ಏನು ಹೇಳುತ್ತದೆ ಎಂಬುದು ಮುಖ್ಯ. ರಟ್ಟಿನಲ್ಲಿ 11 ಸೆಂ.ಮೀ. ಅಗಲದ ಒಂದು ಬಿಲ್ಲೆ ಕತ್ತರಿಸಿ ವೃತ್ತದೊಳಗೆ ಸರಿಸುತ್ತಾ ಹೋಗಿ. ಮೂರಕ್ಕಿಂತ ಕಡಿಮೆ ತೂತು ಸಿಕ್ಕುವ ಜಾಗಗಳಲ್ಲಿ ನಿಜವಾದ ಬಿಲ್ಲೆ ಬದುಕಿಕೊಳ್ಳುತ್ತದೆ. ಹಾರುವಾಗ ಬಿಲ್ಲೆ ಪೂರ್ತಿ ಮುಖ ತೋರಿಸದೆ ಅಂಚು ತೋರಿಸುವುದೇ ಹೆಚ್ಚಾದ್ದರಿಂದ ನಿಜದಲ್ಲಿ ಪರಿಸ್ಥಿತಿ ಇನ್ನೂ ಬಿಗಿ.

ಜೋಡಿನಳಿಗೆ ಕೋವಿಗಳಲ್ಲಿ ಸಾಮಾನ್ಯವಾಗಿ ಬಲಗಡೆ ಸಡಿಲ, ಎಡಗಡೆ ಬಿಗಿ. ಟ್ರ್ಯಾಪ್‌ಗೆ ಅದೇ ಬೇಕು: ಮುಂದಿನ ಟ್ರಿಗರಿನಿಂದ ಹತ್ತಿರದ ಈಡು, ತಪ್ಪಿದರೆ ಹಿಂದಿನ ಟ್ರಿಗರಿನಿಂದ ದೂರದ ಈಡು. ಎರಡೂ ಫುಲ್ ಇರುವ ಕೋವಿ ಸ್ಕೀಟ್‌ಗೆ ಕಷ್ಟ, ಇಪ್ಪತ್ತು ಮೀಟರಿನಲ್ಲಿ ಚರೆ ಅರ್ಧ ಮೀಟರೂ ಹರಡುವುದಿಲ್ಲ. ಮೊದಲು 2.0 ಮಿ.ಮೀ. ಚರೆಯ ತೋಟೆಯನ್ನೂ, ಸಿಕ್ಕರೆ ಬೇಗ ಹರಡುವಂತೆ ಮಾಡಿದ ಸ್ಪ್ರೆಡರ್ ತೋಟೆಯನ್ನೂ ಹೊಡೆದು ನೋಡಿ. ಬಾಯಿ ಕೊರೆಸುವುದು ಕಟ್ಟಕಡೆಯ ದಾರಿ. ಫುಲ್‌ಗೂ ಸಿಲಿಂಡರಿಗೂ ಇರುವ ವ್ಯತ್ಯಾಸ ಒಟ್ಟು 1 ಮಿ.ಮೀ.; ಕೊರೆದದ್ದು ವಾಪಸು ಬರುವುದಿಲ್ಲ. ಹಳೆಯ ಜೋಡಿನಳಿಗೆಯ ತುದಿ ತೆಳ್ಳಗಿರುವುದರಿಂದ ತಿರುಪಿನ ಚೋಕ್ ಕೂರಿಸಲು ಎಷ್ಟೋ ಸಲ ಗೋಡೆಯೇ ಸಾಲದು. ತಿರುಪಿನ ಚೋಕ್ ಮೊದಲೇ ಇರುವ ಕೋವಿಯಾದರೆ ಪ್ರತಿ ಸುತ್ತಿನ ನಂತರ ಕೋವಿ ಖಾಲಿ ಮಾಡಿ ಬಿಗಿ ನೋಡಬೇಕು. ಸಡಿಲಾದ ಚೋಕ್ ನಳಿಗೆಯ ಬಾಯಿಯನ್ನೇ ಸೀಳಬಲ್ಲದು.

ಟ್ರಿಗರ್, ಸೇಫ್ಟಿ, ಬಿಸಿ ನಳಿಗೆ

ಬೇಟೆ ಕೋವಿಯ ಟ್ರಿಗರ್ ಗಟ್ಟಿ. ಲಗೇಜ್ ತೂಗುವ ಕಾಟಾದ ಕೊಕ್ಕೆ ಸಿಕ್ಕಿಸಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟೆ) ಹಾಕಿದ ಕೋವಿಯಲ್ಲಿ ಎಳೆದು ನೋಡಿ. 1.6ರಿಂದ 2 ಕಿಲೋ ಒಳ್ಳೆಯದು, ಮೂರು ದಾಟಿದರೆ ಎಳೆಯುವಾಗಲೇ ಕೋವಿ ನಿಲ್ಲುತ್ತದೆ. ಟ್ರಿಗರ್ ಎಳೆದಾಗ ಬಿಟ್ಟುಕೊಳ್ಳುವ ಒಳಗಿನ ಕೊಂಡಿಗೆ, ಅಂದರೆ ಸಿಯರ್‌ಗೆ ಅರ ಹಾಕುವ ಕೆಲಸವನ್ನು ಮನೆಯಲ್ಲಿ ಮಾಡಲೇಬಾರದು. ಕೂದಲೆಳೆ ಹೆಚ್ಚು ತೆಗೆದರೂ ಮೊದಲ ಈಡಿನ ಅದುರಿಗೆ ಎರಡನೆಯದೂ ಹಾರುತ್ತದೆ, ಅಥವಾ ಕೋವಿ ಮುಚ್ಚುವಾಗಲೇ ಹಾರುತ್ತದೆ.

ಹಳೆಯ ಜೋಡಿನಳಿಗೆ ತೆರೆದಾಗಲೆಲ್ಲ ಸೇಫ್ಟಿ ಗುಂಡಿ ತಾನಾಗಿ ಹಿಂದಕ್ಕೆ ಬಂದು ಟ್ರಿಗರನ್ನು ತಡೆಯುತ್ತದೆ. ಕಾಡಿನಲ್ಲಿ ಅದು ಪ್ರಾಣ ಉಳಿಸುವ ಏರ್ಪಾಡು, ಇಲ್ಲಿ ಬಿಲ್ಲೆ ಕಳೆಯುವ ಕಾರಣ. ಸೇಫ್ಟಿ ಮರೆತರೆ ಕೋವಿ ಕೆಟ್ಟಿತೆಂಬ ವಿನಾಯಿತಿ ಸಿಗದು. ಗನ್‌ಸ್ಮಿತ್ ಒಳಗಿನ ಕಡ್ಡಿಯೊಂದನ್ನು ಬಿಡಿಸಿ ಅದನ್ನು ಕೈಯಿಂದ ಮಾತ್ರ ನಡೆಯುವಂತೆ ಮಾಡಬಲ್ಲರು. ಆದರೆ ತೋಟ ಕಾಯಲೂ ಅದೇ ಕೋವಿ ಹೋಗುವುದಾದರೆ ಹಾಗೆಯೇ ಬಿಡಿ, ಬಿಲ್ಲೆ ಬಿಡುವಂತೆ ಕೂಗುವ ಮೊದಲು ಹೆಬ್ಬೆರಳಿನಿಂದ ಸೇಫ್ಟಿಯನ್ನು ಮುಂದೂಡುವ ಅಭ್ಯಾಸ ಮಾಡಿಕೊಳ್ಳಿ.

ಪಂಪ್ ಆ್ಯಕ್ಷನ್ (ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟೆ ಏರಿಸುವ ಕೋವಿ) ಇರುವವರಿಗೆ ಒಂದು ಮಾತು: ಅಂತಾರಾಷ್ಟ್ರೀಯ ನಿಯಮದ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಪಂಪ್ ಕೋವಿಗೆ ಅವಕಾಶವಿಲ್ಲ. ಕೋವಿಗೆ ಹೆಗಲಪಟ್ಟಿ ಇರುವಂತೆಯೂ ಇಲ್ಲ, ರೇಂಜಿಗೆ ಹೋಗುವ ಮೊದಲು ಬಿಚ್ಚಿಡಿ.

ಇಪ್ಪತ್ತು ಈಡಿನ ಹೊತ್ತಿಗೆ ನಳಿಗೆ ಕೈ ಸುಡುತ್ತದೆ. ಜೋಡಿನಳಿಗೆಯ ಮುಂದಿನ ಹಿಡಿ ತೆಳ್ಳಗಿದ್ದು ಬೆರಳು ನಳಿಗೆಗೆ ತಾಗುವುದರಿಂದ ಚರ್ಮದ ಕೈಗವಸೋ ನಳಿಗೆಗೆ ತೊಡಿಸುವ ಚರ್ಮದ ಪಟ್ಟಿಯೋ ಬೇಕೇ ಬೇಕು.

ಜಾಗ ಮತ್ತು ಕಾನೂನು

ಚರೆಯ ಮಿಲಿಮೀಟರನ್ನು 80ರಿಂದ ಗುಣಿಸಿದರೆ ಅದು ಹೆಚ್ಚೆಂದರೆ ಎಷ್ಟು ಮೀಟರ್ ಹೋದೀತೆಂದು ತಿಳಿಯುತ್ತದೆ. 2.4ರ ಚರೆ ಸುಮಾರು 190 ಮೀಟರ್ ಹೋಗಿ ಬೀಳುತ್ತದೆ, ಬೆಂಬಲದ ಗಾಳಿಯಿದ್ದರೆ ಇನ್ನೂ ಮುಂದೆ. ಮುಂದೆ 300 ಮೀಟರ್ ಖಾಲಿ ಜಾಗ ಬೇಕೆಂದಾಯಿತು. ಕಾಫಿ ತೋಟದಲ್ಲಿ ಗಿಡದ ಮರೆಯಲ್ಲಿ ಯಾರಿದ್ದಾರೆಂದೇ ಕಾಣುವುದಿಲ್ಲ, ಆದ್ದರಿಂದ ಬಿಲ್ಲೆ ಎಸೆಯುವ ಯಂತ್ರ ಕೈಗೆ ಸಿಕ್ಕರೂ ತೋಟದಲ್ಲಿ ಹೂಡಬೇಡಿ, ಮಾನ್ಯತೆ ಇರುವ ರೇಂಜಿಗೇ ಹೋಗಿ. ಬಿಲ್ಲೆಯ ಚೂರು ಹಾರಿ ಬರುವುದರಿಂದ ಕಣ್ಣಿಗೆ ಕನ್ನಡಕ, ಸದ್ದಿಗೆ ಕಿವಿಗೆ ಪ್ಲಗ್ ಇಲ್ಲದೆ ಒಂದು ಈಡೂ ಬೇಡ.

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದು, ಕೋವಿಯ ಸ್ವರೂಪ ಬದಲಿಸುವುದು ಅಪರಾಧ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ ನಿಜ, ಆದರೆ ನಳಿಗೆ, ಚೇಂಬರ್, ಟ್ರಿಗರ್ ಮುಟ್ಟುವವನ ಹತ್ತಿರ ಪರವಾನಗಿ ಇರಲೇಬೇಕು. ಕಾರ್ಕ್, ಪ್ಯಾಡ್, ಟೇಪ್ ನೀವೇ ಹಾಕಿಕೊಳ್ಳಬಹುದು. ಬೆಳೆ ರಕ್ಷಣೆಯ ಪರವಾನಗಿ ಇರುವವರು ಅದರಲ್ಲಿ ಬರೆದಿರುವ ಉದ್ದೇಶ, ಪ್ರದೇಶ, ತೋಟೆಗಳ ಮಿತಿ ಮೂರನ್ನೂ ಓದಿ, ಕ್ರೀಡೆಯನ್ನು ಸೇರಿಸಿಕೊಡಲು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಒಂದು ಸುತ್ತು ಟ್ರ್ಯಾಪ್‌ಗೆ ಎರಡನೇ ಈಡೂ ಸೇರಿ 50 ತೋಟೆವರೆಗೆ ಖರ್ಚಾಗುತ್ತದೆ. ಹಂದಿ ಓಡಿಸಲೆಂದು ಕೊಟ್ಟ ಮಿತಿ ಇಂಥ ಒಂದೆರಡು ಬೆಳಗಿನಲ್ಲೇ ತೀರಿಹೋಗಬಹುದು.

ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸುವ ಮೊದಲು ನಳಿಗೆಯೊಳಗೆ ತೆಳ್ಳಗೆ ಎಣ್ಣೆ ಸವರಿ, ತೊಡಿಸಿದ ಪ್ಯಾಡ್ ಕಳಚಿ ಮನೆಯಲ್ಲಿಡಿ. ರಬ್ಬರಿನಡಿ ತೇವ ನಿಂತರೆ ಮರ ಬೂಷ್ಟು ಹಿಡಿಯುತ್ತದೆ. ವಾಪಸು ಬಂದಾಗ ಚೇಂಬರನ್ನು ಹಿತ್ತಾಳೆ ಬ್ರಷ್‌ನಿಂದ ಉಜ್ಜಿ ಒರೆಸಿ. ಮಳೆಗಾಲದ ತುಕ್ಕು ಅಲ್ಲಿ ಕೂತರೆ ಹೊಡೆದ ತೋಟೆಯ ಕೊಳವೆ ಅಂಟಿಕೊಂಡು ಹೊರಬರದು. ಕಾರ್ಕಿನ ಪದರ ಜಾರಿದೆಯೇ ನೋಡಿ, 15 ಮೀಟರಿನ ಕಾಗದಕ್ಕೆ ಪ್ರತಿ ನಳಿಗೆಯಿಂದ ಎರಡೆರಡು ಈಡು ಹೊಡೆದು, ಹಳೆಯ ಕಾಗದದ ಜೊತೆ ಹೋಲಿಸಿದ ಮೇಲೆ ಬಿಲ್ಲೆಗೆ ಹೋಗಿ.